ಬಾಲವನದ ಕಾರಂತರು

ಕಳೆದ ವರ್ಷದ ದಸರಾ ರಜೆಯಲ್ಲಿ ನಮ್ಮ ಅಕ್ಕನ ಮಕ್ಕಳಿಬ್ಬರು ಬೆಂಗಳೂರಿನಿಂದ ದುರ್ಗಕ್ಕೆ ಬಂದಿದ್ದರು. ಹಿರಿಯವಳಿಗೆ ಹತ್ತು ವರ್ಷ, ಕಿರಿಯವನಿಗೆ ಏಳು. ಎರಡು ದಿನ ಪಡಸಾಲೆಯ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತ ಮೊಮ್ಮಕ್ಕಳನ್ನು ನೋಡಿ ನೋಡಿ ಬೇಸತ್ತ ನಮ್ಮ ಅಮ್ಮ, ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು ಇವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಬಾ ಎಂದು ಅಪ್ಪಣೆ ಮಾಡಿದರು. ಕೋಟೆಯನ್ನು ಮಕ್ಕಳು ಹಿಂದೆಯೇ ನೋಡಿದ್ದರು. ಆದುದರಿಂದ ಜೋಗಿಮಟ್ಟಿಗೆ ಹೋಗುವುದೆಂದಾಯಿತು. ಅಕ್ಕನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಕರಡಿ ಚಿರತೆಗಳಿರುವ ಕಾಡು, ಮುಳ್ಳು, ಬಿಸಿಲು, ಬಿದ್ದು ಕೈಕಾಲು ಮುರಿದುಕೊಂಡರೆ ಗತಿಯೇನು ಎಂಬುದು ಅವಳ ಚಿಂತೆ. ಹೇಗೋ ಒಪ್ಪಿಸಿ ಆಟೋ ಹತ್ತಿದೆವು.

ಜೋಗಿಮಟ್ಟಿಯನ್ನು ನಮ್ಮ ಕಾಲೇಜಿನವರಿಗೆ ನಾನು ವರ್ಣಿಸಬೇಕಾಗಿಲ್ಲ. ಊರಿನ ದಕ್ಷಿಣಕ್ಕೆ ಎದ್ದು ನಿಂತಿರುವ ಆ ಬೆಟ್ಟಸಾಲನ್ನು ನೋಡದೆ ನಮ್ಮಲ್ಲಿ ಯಾರೂ ಬೆಳೆದಿಲ್ಲ. ಅಲ್ಲಿನ ಗಾಳಿಯನ್ನೂ, ಸುತ್ತಲ ಗುಡ್ಡಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನೂ, ದಾರಿಯ ಬದಿಯಲ್ಲಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಸೀತಾಫಲವನ್ನೂ ಬಲ್ಲೆವು. ಆ ಕಾಡು ೨೦೧೫ರಲ್ಲಿ ವನ್ಯಜೀವಿಧಾಮವಾಯಿತೆಂಬುದೂ ಹಲವರಿಗೆ ತಿಳಿದಿದೆ. ಆದರೆ ಆ ದಿನ ನನಗೆ ತಿಳಿದುದು ಬೇರೆ.

ಮೇಲೆ ಒಂದು ಮರದ ನೆರಳಿನಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದಾಗ ಹುಡುಗಿ ಆ ಮರದ ಹೆಸರೇನೆಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಯಾವುದೋ ಕಾಡುಮರ ಎಂದೆ. ಸ್ವಲ್ಪ ಹೊತ್ತಿಗೆ ಪೊದೆಯಲ್ಲಿ ಕೂಗಿದ ಹಕ್ಕಿ ಯಾವುದೆಂದಳು. ಯಾವುದೋ ಹಕ್ಕಿ ಎಂದೆ. ಬಂಡೆಯ ಮೇಲಿನ ಬಿಳಿಯ ಮಚ್ಚೆಗಳು ಏನೆಂದಳು, ಅದಕ್ಕೂ ಉತ್ತರವಿಲ್ಲ. ನಾಲ್ಕನೆಯದಾಗಿ, ಗಾಳಿ ಇಲ್ಲೇ ಏಕೆ ಇಷ್ಟು ಬೀಸುತ್ತದೆ ಮಾಮ ಎಂದಳು. ನಾನು ಮಾತು ಮರೆಸಿ ಕೋಟೆಯ ಕಡೆಗೆ ಕೈ ತೋರಿಸಿದೆ. ಐದನೆಯ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಇಳಿಯುವ ತನಕ ಕೇಳಲಿಲ್ಲ. ಮನೆಗೆ ಬಂದು ಮೊಬೈಲು ಹಿಡಿದು ಕುಳಿತಳು.

ನಾನು ಇತಿಹಾಸದ ವಿದ್ಯಾರ್ಥಿ. ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಅಶೋಕನ ಮೂರು ಶಾಸನಗಳ ಸ್ಥಳವನ್ನು ನಿದ್ದೆಗಣ್ಣಿನಲ್ಲಿ ಬೇಕಾದರೂ ಹೇಳಬಲ್ಲೆ. ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮನು ಏನು ಬರೆಸಿದನೆಂಬುದನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೇನೆ. ಇಪ್ಪತ್ತು ವರ್ಷ ಕಣ್ಣೆದುರಿಗಿರುವ ಬೆಟ್ಟದ ಒಂದು ಮರದ ಹೆಸರು ನನಗೆ ಬಾರದು! ಈ ನಾಚಿಕೆಯಿಂದಲೇ ನಾನು ಗ್ರಂಥಾಲಯದ ಬೀರುವಿನಲ್ಲಿ ಬಹಳ ಕಾಲ ಮುಟ್ಟದೆ ಬಿಟ್ಟಿದ್ದ ಡಾ. ಕೋಟ ಶಿವರಾಮ ಕಾರಂತರ ಆತ್ಮಕಥೆ ಹುಚ್ಚು ಮನಸ್ಸಿನ ಹತ್ತು ಮುಖಗಳನ್ನು ತೆಗೆದೆನು. ಅವರ ಕಾದಂಬರಿಗಳನ್ನು ಪಠ್ಯವೆಂದು ಓದಿದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಮಕ್ಕಳನ್ನು ಗೋಡೆಗಳ ಹೊರಕ್ಕೆ ಕರೆದ ಕಾರಂತರ ವಿಷಯ ಅಷ್ಟಾಗಿ ಕಿವಿಗೆ ಬಿದ್ದಿಲ್ಲ. ಆದಕಾರಣ ನಾನು ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಕಾರಂತರು ಹುಟ್ಟಿದುದು ೧೯೦೨ನೆಯ ಇಸವಿ ಅಕ್ಟೋಬರ್ ೧೦ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಪಡುವಲಿಗೆ ಕಡಲು, ನಡುವೆ ಗದ್ದೆ ತೆಂಗು, ಮೂಡಲಿಗೆ ದೂರದಲ್ಲಿ ನೀಲಿಯ ಘಟ್ಟ, ರಾತ್ರಿಯಾದರೆ ಬಯಲಾಟದ ಚೆಂಡೆ: ಇಂತಹ ಊರಿನಲ್ಲಿ ಹುಡುಗನಿಗೆ ಶಾಲೆಯ ಕೋಣೆ ಇಕ್ಕಟ್ಟೆನಿಸಿದ್ದರೆ ಆಶ್ಚರ್ಯವಿಲ್ಲ. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಸೇರಿದರು. ಆ ಹೊತ್ತಿಗೆ ಗಾಂಧೀಜಿಯವರ ಅಸಹಕಾರದ ಕರೆ ಬಂತು. ಕಾರಂತರು ಕಾಲೇಜನ್ನು ಬಿಟ್ಟರು; ಮತ್ತೆ ಅತ್ತ ತಿರುಗಿ ನೋಡಲಿಲ್ಲ. ಸರ್ಕಾರಿ ಕಾಲೇಜನ್ನು ಬಿಟ್ಟು ಹೋದವರ ಚರಿತ್ರೆಯನ್ನು ಸರ್ಕಾರಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದು ಕೊಂಚ ವಿಚಿತ್ರವೇ ಸರಿ. ನಮ್ಮ ಅಧ್ಯಾಪಕರು ಇದನ್ನು ಮನ್ನಿಸಬೇಕು. ಮುಂದೆ ಹಲವು ವಿಶ್ವವಿದ್ಯಾನಿಲಯಗಳು ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟವೆಂಬುದನ್ನು ಸಮಾಧಾನಕ್ಕೆ ಹೇಳಬಹುದು.

ಖಾದಿ, ಸಮಾಜ ಸುಧಾರಣೆ, ಪತ್ರಿಕೆ, ನಾಟಕ, ಫೋಟೋ ತೆಗೆಯುವುದು, ಮೂಕ ಚಲನಚಿತ್ರ ಮಾಡುವುದು ಹೀಗೆ ಹತ್ತು ಕಡೆಗೆ ಕೈ ಹಾಕಿ, ಹಲವು ಕಡೆ ಸುಟ್ಟುಕೊಂಡು, ಕಾರಂತರು ಪುತ್ತೂರಿಗೆ ಬಂದು ನೆಲೆಸಿದರು. ಅಲ್ಲಿ ಸಹಕಾರ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಬೆಂಬಲ ಅವರಿಗೆ ದೊರೆಯಿತು. ಪುತ್ತೂರಿನ ದಸರಾ ನಾಡಹಬ್ಬ ಹೆಸರಾದುದು ಈ ಇಬ್ಬರ ಶ್ರಮದಿಂದ. ಮಕ್ಕಳನ್ನು ಒಟ್ಟುಗೂಡಿಸಿ ಆಡಿಸುವ, ಕುಣಿಸುವ, ನಾಟಕವಾಡಿಸುವ ಕೆಲಸಕ್ಕೂ ಅವರು ತೊಡಗಿದುದು ಅದೇ ಕಾಲಕ್ಕೆ. ೧೯೩೦ರ ದಶಕದಲ್ಲಿ ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ಒಂದು ತುಂಡು ನೆಲವನ್ನು ಹಿಡಿದು ಮನೆ ಕಟ್ಟಿ ಅದಕ್ಕೆ ಬಾಲವನ ಎಂದು ಹೆಸರಿಟ್ಟರು. ತಮ್ಮ ಮನೆಗೆ ದೇವರ ಹೆಸರನ್ನೋ ತಂದೆತಾಯಿಯರ ಹೆಸರನ್ನೋ ಇಡುವುದು ವಾಡಿಕೆ. ಆಗಿನ್ನೂ ಮದುವೆಯೇ ಆಗದ ಒಬ್ಬ ತರುಣನು ತನ್ನ ಮನೆಗೆ ಊರ ಮಕ್ಕಳ ಹೆಸರನ್ನು ಇಟ್ಟನು.

ಬಾಲವನದಲ್ಲಿ ಅವರು ಚಿಕ್ಕ ಮಕ್ಕಳಿಗಾಗಿ ಶಾಲೆಯನ್ನು ನಡೆಸಿ ನೋಡಿದರು. ಶಾಲೆಯೆಂದರೆ ಬೆಂಚು, ಬೆತ್ತ, ಬಾಯಿಪಾಠ ಎಂಬ ಕಲ್ಪನೆಗೆ ಅದು ಒಗ್ಗುವಂತಹದಲ್ಲ. ಆಟ, ಹಾಡು, ಕುಣಿತ, ಚಿತ್ರ ಬರೆಯುವುದು, ಸುತ್ತ ತಿರುಗಾಡಿ ಕಂಡುದನ್ನು ಕೇಳಿ ತಿಳಿಯುವುದು ಇವೇ ಅಲ್ಲಿನ ಪಾಠ. ರವೀಂದ್ರನಾಥ ಠಾಕೂರರು ೧೯೦೧ರಲ್ಲಿಯೇ ಶಾಂತಿನಿಕೇತನದಲ್ಲಿ ಮರದ ಕೆಳಗೆ ತರಗತಿ ನಡೆಸಲು ಮೊದಲು ಮಾಡಿದ್ದರು. ಆದರೆ ಠಾಕೂರರಿಗೆ ಜಮೀನುದಾರಿಯ ಆಸರೆ ಇತ್ತು, ಅವರ ಹೆಸರು ಜಗತ್ತಿಗೆ ಗೊತ್ತಿತ್ತು. ಕಾರಂತರಿಗಾದರೋ ಲೇಖನಿಯೊಂದೇ ಆದಾಯ, ಅದೂ ಕನ್ನಡದ ಲೇಖನಿ. ಆ ಶಾಲೆ ಬಹಳ ಕಾಲ ನಡೆಯಲಿಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಕಾರಂತರನ್ನು ಹೊಗಳುವ ಲೇಖನಗಳು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಮುಗಿಸಿ ಜ್ಞಾನಪೀಠಕ್ಕೆ ಹಾರುತ್ತವೆ. ನನಗೆ ಈ ಸೋಲೇ ಮುಖ್ಯವೆಂದು ತೋರುತ್ತದೆ. ಮಗನನ್ನು ಶಾಲೆಗೆ ಕಳುಹಿಸುವ ತಂದೆಗೆ ಅವನು ಕೊನೆಗೆ ಒಂದು ಪರೀಕ್ಷೆ ಮುಗಿಸಿ ಒಂದು ಕೆಲಸ ಹಿಡಿಯಬೇಕೆಂಬ ಆಸೆ; ಅದು ತಪ್ಪಲ್ಲ. ಮರದ ಮೇಲೆ ಹತ್ತಿದುದಕ್ಕೆ, ಗೂಡು ನೋಡಿದುದಕ್ಕೆ ಯಾವ ಪರೀಕ್ಷೆಯೂ ಅಂಕ ಕೊಡುವುದಿಲ್ಲ. ಅಂದು ಹಾಗಿತ್ತು, ಇಂದೂ ಹಾಗೆಯೇ ಇದೆ. ನಾನು ಓದಿದ ಒಂದು ಶಾಲೆಯಲ್ಲಿ ವರ್ಷಕ್ಕೊಮ್ಮೆ ಪ್ರವಾಸವಿತ್ತು. ಬೆಳಗಿನ ಜಾವ ಬಸ್ಸು ಹತ್ತಿ, ಒಂದೇ ದಿನದಲ್ಲಿ ಐದು ಊರು ನೋಡಿ, ರಾತ್ರಿ ವಾಂತಿ ಮಾಡಿಕೊಂಡು ಮನೆಗೆ ಬರುತ್ತಿದ್ದೆವು. ಜೋಗ ನೋಡಿದೆ ಎಂದು ಹೇಳುತ್ತೇನೆಯೇ ಹೊರತು, ನನಗೆ ನೆನಪಿರುವುದು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದ್ದು ಮಾತ್ರ.

ಶಾಲೆ ನಿಂತಿತು; ಕಾರಂತರು ನಿಲ್ಲಲಿಲ್ಲ. ಮಕ್ಕಳು ತಮ್ಮ ಬಳಿಗೆ ಬಾರದಿದ್ದರೆ ತಾವೇ ಅವರ ಮನೆಗೆ ಹೋಗುವುದೆಂದು ನಿಶ್ಚಯಿಸಿದರೋ ಎಂಬಂತೆ ಬಾಲಪ್ರಪಂಚ ಎಂಬ ಮೂರು ದೊಡ್ಡ ಸಂಪುಟಗಳನ್ನು ೧೯೩೦ರ ದಶಕದಲ್ಲಿ ಒಬ್ಬರೇ ಬರೆದರು. ಭೂಮಿ, ನಕ್ಷತ್ರ, ಪ್ರಾಣಿ, ಗಿಡಮರ, ದೇಶ, ಯಂತ್ರ ಇವೆಲ್ಲವನ್ನೂ ಕನ್ನಡದ ಮಗುವಿಗೆ ಚಿತ್ರಸಹಿತವಾಗಿ ತೋರಿಸುವ ವಿಶ್ವಕೋಶವದು. ಇಂಗ್ಲಿಷಿನಲ್ಲಿ ಇಂತಹ ಪುಸ್ತಕವನ್ನು ಮಾಡಲು ಒಂದು ಸಂಸ್ಥೆಯೇ ಬೇಕಾಗುತ್ತದೆ. ಮುಂದೆ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚ ಎಂಬ ನಾಲ್ಕು ಸಂಪುಟಗಳನ್ನು ಬರೆದರು; ಅದರ ಮುದ್ರಣ ೧೯೫೯ರಿಂದ ಆರಂಭವಾಯಿತು. ರೇಚಲ್ ಕಾರ್ಸನ್ ಎಂಬ ಅಮೆರಿಕದ ವಿದುಷಿಯು ಕಡಲನ್ನು ಕುರಿತು ಬರೆದ ಗ್ರಂಥವನ್ನು ಕನ್ನಡಕ್ಕೆ ತಂದರು. ಕೋಟದ ಕಡಲನ್ನು ನೋಡುತ್ತ ಬೆಳೆದವರಿಗೆ ಆ ಪುಸ್ತಕ ರುಚಿಸಿದುದು ಸಹಜವೇ.

ಪುಸ್ತಕದಿಂದ ಪ್ರಕೃತಿಯನ್ನು ಕಲಿಯುವುದು ಹೇಗೆ, ಇದು ವಿರೋಧವಲ್ಲವೇ ಎಂದು ನನ್ನ ಗೆಳೆಯನೊಬ್ಬ ಆಕ್ಷೇಪಿಸಿದನು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಜೋಗಿಮಟ್ಟಿಯ ಮೇಲೆ ನನಗಾದ ಗತಿಯನ್ನು ನೆನೆದರೆ, ತಿಳಿಯದ ದೊಡ್ಡವನೊಬ್ಬನು ಕೇಳುವ ಮಗುವಿನ ಬಾಯಿಯನ್ನು ಎಷ್ಟು ಬೇಗ ಮುಚ್ಚಿಸಬಲ್ಲನೆಂಬುದು ಅರ್ಥವಾಗುತ್ತದೆ. ಕಾರಂತರು ತಾವು ಮೊದಲು ತಿಳಿದುಕೊಂಡರು, ಆಮೇಲೆ ಕರೆದರು. ಕಾಲೇಜು ಬಿಟ್ಟವರಾದ್ದರಿಂದ ಅವರಿಗೆ ಯಾವ ಶಾಸ್ತ್ರವೂ ತನ್ನದಲ್ಲವೆಂಬ ಸಂಕೋಚವಿರಲಿಲ್ಲ. ನಾವು ಕಲಾ ವಿಭಾಗದವರು, ಮರಗಿಡ ವಿಜ್ಞಾನದವರಿಗೆ ಸೇರಿದ್ದು ಎಂದು ನಮ್ಮಲ್ಲಿ ಹಂಚಿಕೊಂಡಿರುವ ಪಾಲುಪಟ್ಟಿ ಅವರಿಗೆ ಗೊತ್ತೇ ಇರಲಿಲ್ಲ.

೧೯೩೬ರಲ್ಲಿ ಕಾರಂತರು ಲೀಲಾ ಅವರನ್ನು ಮದುವೆಯಾದರು. ಅದು ಅಂತರ್ಜಾತಿಯ ವಿವಾಹ. ಆ ಕಾಲಕ್ಕೆ ಅದರಿಂದ ಎದ್ದ ಗದ್ದಲವನ್ನು ಊಹಿಸಿಕೊಳ್ಳಬಹುದು. ಅವರ ಮಕ್ಕಳು ಬೆಳೆದುದು ಬಾಲವನದ ಮರಗಳ ನಡುವೆ. ಊರ ಮಕ್ಕಳಿಗಾಗಿ ಮಾಡಿದ ತೋಟ ಮನೆಯ ಮಕ್ಕಳಿಗೆ ಶಾಲೆಯಾಯಿತು. ಅವರ ಮಗ ಉಲ್ಲಾಸ ಕಾರಂತರು ಇಂಜಿನಿಯರಿಂಗ್ ಓದಿಯೂ ಅದನ್ನು ಬಿಟ್ಟು ಕಾಡಿಗೆ ನಡೆದು, ನಾಗರಹೊಳೆಯಲ್ಲಿ ಹುಲಿಗಳನ್ನು ಅಭ್ಯಾಸ ಮಾಡಿ ಲೋಕಪ್ರಸಿದ್ಧ ವಿಜ್ಞಾನಿಯಾದರು. ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ತಾನೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಕಾಡಿನ ದಾರಿಯಲ್ಲಿಟ್ಟು, ಆ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ಕ್ರಮವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ತಂದೆಯ ಬಾಳನ್ನು ಕುರಿತು ಅವರೂ ಅವರ ಸಹೋದರಿಯರಾದ ಮಾಳವಿಕಾ, ಕ್ಷಮಾ ಇವರೂ ಸೇರಿ ೨೦೨೧ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಹೊರತಂದಿದ್ದಾರೆ. ಬಾಲವನದ ಶಾಲೆ ಸೋತಿತೆಂದು ಮೇಲೆ ಬರೆದೆನಷ್ಟೆ. ಅದನ್ನು ಹೊಡೆದುಹಾಕಬೇಕೆಂದು ಈಗ ತೋರುತ್ತಿದೆ, ಆದರೂ ಇರಲಿ.

ಕಾರಂತರ ಕಾದಂಬರಿಗಳಲ್ಲಿಯೂ ಈ ಹೊರಗಿನ ಲೋಕವೇ ತುಂಬಿದೆ. ೧೯೪೩ರ ಬೆಟ್ಟದ ಜೀವದಲ್ಲಿ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬನು ಮುದುಕ ಗೋಪಾಲಯ್ಯನ ಮನೆಗೆ ಅತಿಥಿಯಾಗುತ್ತಾನೆ. ಕಥೆಯೆಂದು ಹೇಳಿಕೊಳ್ಳುವಂತಹುದು ಅದರಲ್ಲಿ ಹೆಚ್ಚಿಲ್ಲ. ಮುದುಕನು ತನ್ನ ತೋಟ, ತೊರೆ, ಬೆಟ್ಟಗಳನ್ನು ಅತಿಥಿಗೆ ತೋರಿಸುತ್ತ ತಿರುಗುವುದೇ ಅದರ ಕಥೆ. ಎರಡು ವರ್ಷದ ಹಿಂದೆ ಇದನ್ನು ಓದಿದಾಗ ನನಗೆ ಆಕಳಿಕೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಜೋಗಿಮಟ್ಟಿಯಿಂದ ಇಳಿದು ಬಂದ ಮೇಲೆ ಓದಿದಾಗ, ಒಬ್ಬರು ಇನ್ನೊಬ್ಬರಿಗೆ ತಮ್ಮ ಊರನ್ನು ಹೇಗೆ ತೋರಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ಬೇರೆ ಬೇಕೆ ಎನ್ನಿಸಿತು. ಗೋಪಾಲಯ್ಯನು ಅತಿಥಿಯನ್ನು ಅವಸರಪಡಿಸುವುದಿಲ್ಲ. ತನಗೆ ಬೇಕಾದುದನ್ನು ತಾನು ಪ್ರೀತಿಯಿಂದ ನೋಡುತ್ತಾನೆ. ಪಕ್ಕದಲ್ಲಿರುವವನಿಗೆ ಅದು ತಾನಾಗಿಯೇ ಅಂಟುತ್ತದೆ.

ಮಿಕ್ಕ ಸಂಗತಿಗಳು ಪ್ರಸಿದ್ಧವಾಗಿವೆ. ೧೯೫೫ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಯಕ್ಷಗಾನ ಬಯಲಾಟ ಗ್ರಂಥಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ. ೧೯೬೮ರಲ್ಲಿ ಪದ್ಮಭೂಷಣ, ತುರ್ತುಪರಿಸ್ಥಿತಿಯ ಕಾಲದಲ್ಲಿ ಅದನ್ನು ಹಿಂದಕ್ಕೆ ಕಳುಹಿಸಿದುದು. ಮೂಕಜ್ಜಿಯ ಕನಸುಗಳಿಗೆ ೧೯೭೭ರ ಜ್ಞಾನಪೀಠ. ಸುಮಾರು ನಾಲ್ಕು ದಶಕ ಬಾಲವನದಲ್ಲಿದ್ದು, ಆಮೇಲೆ ಹುಟ್ಟೂರಿನ ಹತ್ತಿರದ ಸಾಲಿಗ್ರಾಮಕ್ಕೆ ಬಂದರು.

ವಯಸ್ಸಾದಂತೆಲ್ಲ ಮನುಷ್ಯರು ಮನೆಯೊಳಕ್ಕೆ ಸೇರುವುದನ್ನು ನೋಡಿದ್ದೇವೆ. ಕಾರಂತರು ಎಂಬತ್ತು ದಾಟಿದ ಮೇಲೆ ಮತ್ತಷ್ಟು ಹೊರಗೆ ಬಂದರು. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿ, ದಟ್ಟಕಾಡಿನ ನಡುವೆ, ಕೈಗಾ ಅಣುವಿದ್ಯುತ್ ಸ್ಥಾವರವನ್ನು ಕಟ್ಟಹೊರಟಾಗ ಅದನ್ನು ವಿರೋಧಿಸಿ ಊರೂರು ತಿರುಗಿದರು. ೧೯೮೯ರ ಲೋಕಸಭಾ ಚುನಾವಣೆಯಲ್ಲಿ ಆ ವಿಷಯವನ್ನೇ ಮುಂದಿಟ್ಟುಕೊಂಡು ಪಕ್ಷೇತರರಾಗಿ ನಿಂತರು, ಸೋತರು. ಸ್ಥಾವರವೂ ಎದ್ದು ನಿಂತು ೨೦೦೦ದಿಂದ ವಿದ್ಯುತ್ತನ್ನು ಕೊಡುತ್ತಿದೆ. ಅವರ ವಾದವೆಲ್ಲ ಸರಿಯೇ ಎಂಬುದನ್ನು ಹೇಳಲು ನಾನು ಶಕ್ತನಲ್ಲ. ಓದಲು ದೀಪ ಬೇಕಾದ ನಮಗೆ ವಿದ್ಯುತ್ತು ಬೇಡವೆಂದು ಹೇಳುವ ಧೈರ್ಯವೂ ಇಲ್ಲ. ಆದರೆ ಎಂಬತ್ತೇಳರ ವಯಸ್ಸಿನಲ್ಲಿ ಒಬ್ಬ ಸಾಹಿತಿ ಕಾಡಿಗಾಗಿ ಓಟು ಕೇಳಲು ಹೊರಟುದು ಕನ್ನಡನಾಡಿನಲ್ಲಿ ಎಂದಾದರೂ ಕಂಡ ಸಂಗತಿಯೇ? ಕೊನೆಗಾಲದಲ್ಲಿ ಅವರು ಬರೆಯಲು ಕುಳಿತುದು ಹಕ್ಕಿಗಳನ್ನು ಕುರಿತು. ೧೯೯೭ರ ಡಿಸೆಂಬರ್ ೯ರಂದು ಮಣಿಪಾಲದಲ್ಲಿ ತೀರಿಕೊಂಡರು. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ.

ಪುತ್ತೂರಿನ ಬಾಲವನ ಈಗ ಸರ್ಕಾರದ ಆಶ್ರಯದಲ್ಲಿ ಸ್ಮಾರಕವಾಗಿ ಉಳಿದಿದೆ. ನಾನು ಅಲ್ಲಿಗೆ ಹೋಗಿಲ್ಲ. ಅದನ್ನು ಕುರಿತು ಓದುವಾಗ ಒಂದು ವಿಚಾರ ಹೊಳೆಯಿತು. ಅದು ಮಹಾರಣ್ಯವೇನಲ್ಲ, ಊರ ಅಂಚಿನ ಒಂದು ಗುಡ್ಡ. ಮಕ್ಕಳನ್ನು ಹೊರಗೆ ಕರೆದೊಯ್ಯುವುದೆಂದರೆ ಚಿರತೆಯಿರುವ ಕಾಡಿಗೇ ಹೋಗಬೇಕೆಂದು ನಾನು ತಿಳಿದಿದ್ದೆ. ಅಕ್ಕನ ಭಯಕ್ಕೂ ಅದೇ ಕಾರಣ. ಇದಲ್ಲದೆ, ಭಾನುವಾರ ಜೋಗಿಮಟ್ಟಿಗೆ ಬರುವ ಸಂಸಾರಗಳನ್ನು ನೀವೂ ನೋಡಿರಬಹುದು. ಗಾಡಿ ನಿಲ್ಲಿಸಿ, ಫೋಟೋ ತೆಗೆದು, ಚಿತ್ರಾನ್ನ ತಿಂದು, ತಟ್ಟೆಗಳನ್ನು ಗಾಳಿಗೆ ಬಿಟ್ಟು ಮುಕ್ಕಾಲು ಗಂಟೆಯೊಳಗೆ ಇಳಿಯುತ್ತಾರೆ. ಕಾಡಿಗೂ ಇದರಿಂದ ಸುಖವಿಲ್ಲ. ನಾನೂ ಅಂದು ಮಾಡಿದುದು ಇಷ್ಟನ್ನೇ. ತಟ್ಟೆಯನ್ನು ಮಾತ್ರ ಎಸೆಯಲಿಲ್ಲ.

ಸಂಕ್ರಾಂತಿಗೆ ಮಕ್ಕಳು ಮತ್ತೆ ಬಂದರು. ಈ ಸಲ ನಾನು ಅವಸರ ಮಾಡಲಿಲ್ಲ. ಮೊದಲ ದಿನ ಮನೆಯ ಹಿತ್ತಲಿನಲ್ಲಿಯೇ ಕಳೆಯಿತು. ನುಗ್ಗೆಮರಕ್ಕೆ ಬರುವ ಹಕ್ಕಿಗಳನ್ನು ಹುಡುಗಿ ಎಣಿಸಿದಳು. ಐದು ಬಗೆ ಸಿಕ್ಕಿತು. ಅವುಗಳಲ್ಲಿ ಮೂರರ ಹೆಸರನ್ನು ನಮ್ಮ ಅಮ್ಮ ಹೇಳಿದರು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅಮ್ಮನಿಗೆ ಹಕ್ಕಿಗಳ ಹೆಸರು ಬರುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಎರಡನೆಯ ದಿನ ಚಂದ್ರವಳ್ಳಿಯ ಕೆರೆಯ ದಡಕ್ಕೆ ಹೋದೆವು. ಹುಡುಗನು ಒಂದು ಬಂಡೆಯ ಬಳಿ ಇರುವೆಯ ಸಾಲನ್ನು ನೋಡುತ್ತ ಕುಳಿತವನು ಅರ್ಧ ಗಂಟೆ ಏಳಲಿಲ್ಲ. ಏಳು, ಮುಂದೆ ನೋಡುವುದು ಬೇಕಾದಷ್ಟಿದೆ ಎಂದು ಹೇಳಲು ಬಾಯಿ ತೆರೆದವನು ಗೋಪಾಲಯ್ಯನನ್ನು ನೆನೆದು ಸುಮ್ಮನಾದೆ.

ಮೂರನೆಯ ದಿನ ಜೋಗಿಮಟ್ಟಿ. ಅಕ್ಕನೂ ಬಂದಳು, ಮಕ್ಕಳ ಕೈ ಹಿಡಿದುಕೊಳ್ಳುವುದಕ್ಕೆಂದು. ಮೇಲೆ ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ಸಿಕ್ಕಿದರು. ಹಿಂದಿನ ಸಲವೂ ಅವರು ಅಲ್ಲಿಯೇ ಇದ್ದರು. ಅವರನ್ನು ಕೇಳಬಹುದೆಂದು ನನಗೆ ತೋಚಿರಲಿಲ್ಲ. ಹುಡುಗಿ ತನ್ನ ಮರವನ್ನು ತೋರಿಸಿದಳು. ಅಕ್ಟೋಬರಿನಲ್ಲಿ ಹಸಿರಾಗಿದ್ದ ಅದರ ಎಲೆಗಳು ಈಗ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ದಿಂಡಿಗ ಎಂದರು ಅವರು. ತೊಗಟೆಯ ಮೇಲೆ ಒಸರಿದ್ದ ಅಂಟನ್ನು ತೋರಿಸಿ, ಇದನ್ನು ಜನ ಆರಿಸಿ ಮಾರುತ್ತಿದ್ದರೆಂದು ಹೇಳಿದರು. ಬಂಡೆಯ ಮೇಲಿನ ಬಿಳಿಯ ಮಚ್ಚೆ ಕಲ್ಲುಹೂವು. ಅದಕ್ಕೆ ಜೀವವಿದೆ ಎಂದು ನಾನು ಹೇಳಿದೆ. ಇದನ್ನು ಮೂರು ತಿಂಗಳ ಹಿಂದೆ ಓದಿಟ್ಟುಕೊಂಡು ಕಾದಿದ್ದೆ. ಗಾಳಿಯ ಪ್ರಶ್ನೆಗೆ, ಸುತ್ತ ಬಯಲಿರುವಾಗ ಒಂಟಿಯಾಗಿ ಎದ್ದ ಬೆಟ್ಟದ ನೆತ್ತಿಗೆ ಗಾಳಿ ತಡೆಯಿಲ್ಲದೆ ಬಂದು ಬಡಿಯುತ್ತದೆಂದು ವಿವರಿಸಿದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಕೇಳತೊಡಗಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಕಾವಲುಗಾರರೂ ನಾನೂ ಮುಖ ಮುಖ ನೋಡಿಕೊಂಡೆವು. ಹುಡುಗನಿಗೆ ಒಂದು ನವಿಲುಗರಿ ಸಿಕ್ಕಿತ್ತು. ವನ್ಯಜೀವಿಧಾಮದಿಂದ ಏನನ್ನೂ ಒಯ್ಯಬಾರದೆಂದು ಕೇಳಿ, ಅಳುಮುಖ ಮಾಡಿಕೊಂಡು, ಸಿಕ್ಕಿದ ಜಾಗದಲ್ಲಿಯೇ ಅದನ್ನು ನೆಟ್ಟಗೆ ನಿಲ್ಲಿಸಿ ಬಂದನು.

ಅಕ್ಕ ತೊಟ್ಟಿದ್ದ ಚಪ್ಪಲಿ ಇಳಿಯುವಾಗ ಕಿತ್ತುಹೋಯಿತು. ಉಳಿದ ದಾರಿಯನ್ನು ಬರಿಗಾಲಿನಲ್ಲಿ ನಡೆದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಬೆಂಗಳೂರಿಗೆ ಹೊರಡುವ ಮುಂಚೆ ಸಂತೆಪೇಟೆಗೆ ಹೋಗಿ ಒಂದು ಜೊತೆ ಕ್ಯಾನ್ವಾಸ್ ಬೂಟನ್ನು ಕೊಂಡು ತಂದು, ಬರುವ ದಸರೆಗೆ ಬೇಕಾಗುತ್ತದೆಂದು ನಮ್ಮ ಮನೆಯ ಮಂಚದ ಕೆಳಗೆ ಇಟ್ಟು ಹೋಗಿದ್ದಾಳೆ.